ಇನ್ನೂರ ಹದಿನಾಲ್ಕನೇ ಬಿಲ್ಲೆ

ಹಟ್ಟಿ ಗಣಿಯ ದೀಪದ ಖೋಲಿಯೊಳಗ ನಾನು ರಾತ್ರಿ ಗುಮಾಸ್ತ.
ಬಿಲ್ಲೆ ಇಸ್ಕೊಂಡು ದೀಪ ಕೊಡೂದು,
ದೀಪ ಇಸ್ಕೊಂಡು ಬಿಲ್ಲೆ ಕೊಡೂದು.
ಮೊಳಿಗೆ ಬಿಲ್ಲೆ ನೇತಾಡತಿತ್ತಂದ್ರ
ಒಬ್ಬಾವ ಇನ್ನೂ ಕೆಳಗದಾನ ಅಂತ ಲೆಕ್ಕ.
ನಡುವ ಐದಾರು ತಾಸು ಯಾರೂ ಬರಂಗಿಲ್ಲ.
ಚಾರ್ಜರಿನ ಗುಂಯ್‌ಗುಡಿತ, ಒಂದು ಹಲ್ಲಿ,
ಮತ್ತ ನನ್ನ ತಂಡ.

ಇಂಗ್ಲೆಂಡಿನ ಆರನೇ ದರ್ಜೆ ತಂಡ.
ಸಮುದ್ರದ ದಂಡಿ ಊರಂತ, ಮೀನದ ವಾಸನಿ ಇರಬೇಕು;
ನಾ ನೋಡಿದ ದೊಡ್ಡ ನೀರಂದ್ರ ನಾರಾಯಣಪುರ ಡ್ಯಾಮು.
ದೊಡ್ಡ ತಂಡ ತಗೋ ಮಾವ, ಅಂತಾನ ಅಕ್ಕನ ಮಗ ಶರಣಬಸು,
ರೊಕ್ಕ ಐತಿ, ಕಪ್ಪು ತಾನಾಗೇ ಬರ್ತೈತಿ.
ಅಡಿಗಿ ಮಾಡಿಟ್ಟ ಮನಿಗೆ ಹೋಗಿ
ಉಪ್ಪು ಹಾಕಿ ಬಂದಂಗಲ್ಲೇನೋ ಅದು?

ಅವನ ಹೊಸ ಆಟದೊಳಗ ಆಟಗಾರಗ ಮುಖ ಐತಿ, ಬೆವರು ಐತಿ,
ಗೋಲು ಹೊಡದ್ರ ಹಸಿ ಹುಲ್ಲಿನ ಮ್ಯಾಲೆ ಜಾರಿ ಬರ್ತಾರ.
ನಂದು ಹಳೇದು. ಕರಿಹಸಿರು ನೆಲ, ಇಪ್ಪತ್ತೆರಡು ಚುಕ್ಕಿ.
ಚುಕ್ಕಿ ಸಾಕು ನನಗ.
ಎರಡು ಸಾವಿರ ಅಡಿ ಕೆಳಗ ಮನಶ್ಯಾ ಹೆಂಗ ಕಾಣ್ತಾನೋ
ಹಂಗ ಕಾಣ್ತಾವ: ಹಣಿ ಮ್ಯಾಲಿನ ಬೆಳಕಷ್ಟ,
ಉಳಿದದ್ದು ನೀವೇ ತಿಳ್ಕೋಬೇಕು.

ಮೊದಲಿಗೆ ಹುಚ್ಚನಂಗ ಎಲ್ಲಾರನ್ನೂ ಮುಂದ ಓಡಿಸ್ತಿದ್ದೆ.
ಚೆಂಡು ಹೋದ ಗಳಿಗಿಗೇ ನಾಲ್ಕು ಮಂದಿ ಮುಗಿಬೀಳೂದು.
ಅರವತ್ತನೇ ನಿಮಿಷಕ್ಕ ಹುಡುಗ್ರ ದಮ್ಮು ಖಾಲಿ,
ಎಪ್ಪತ್ತಕ್ಕ ಎರಡು ಗೋಲು ನಮ್ಮ ಬಲೆಯೊಳಗ.
ಹನ್ನೊಂದು ಸೀಜನ್ನು ಸೋತು ಕಲ್ತದ್ದು ಇಷ್ಟ:
ನಾಕು, ನಾಕು, ಎರಡು. ಹಿಂದ ಕೂಡು. ಜಾಗಾ ಬಿಡಬ್ಯಾಡ.
ಅವರು ದಣೀಲಿ. ಆಮ್ಯಾಲ ಎಡಗಡಿಂದ
ಒಂದ ಒಂದು ಉದ್ದನ್ನ ಚೆಂಡು.
ನೋಡಾಕ ಚಂದಿಲ್ಲ, ಒಪ್ತೀನಿ.
ಸುರಂಗಕ್ಕ ಕಂಬ ಕೊಡೂದು ನೋಡಾಕ ಚಂದಿರತೈತೇನು?

ಎಡಗಡಿ ಅಂದ್ರ ಹಾರ್ಕರ್.
ಮೂವತ್ತಾರು ವರ್ಷ. ಓಟಕ್ಕ ಇಪ್ಪತ್ತರೊಳಗ ಐದು ಅಂಕ.
ಹದಿನೇಳಕ್ಕ ಬಂದಾವ, ಕಂಪ್ಯೂಟರೇ ಹಡದ ಕೂಸು,
ಭೂಮಿ ಮ್ಯಾಲೆ ಅಂಥಾವ ಎಲ್ಲೂ ಹುಟ್ಟಿಲ್ಲ.
ಸೋಮವಾರಕ್ಕೊಮ್ಮೆ ನನ್ನ ಸಹಾಯಕ ಚೀಟಿ ಕಳಸ್ತಾನ:
ಇವನ್ನ ಬಿಟ್ಟುಬಿಡ್ರಿ, ಪಗಾರ ದಂಡ.
ಆಮ್ಯಾಲ ನೋಡೂಣು ಅಂತ ಒತ್ತತೀನಿ.
ಚೆಂಡು ಯಾವಾಗ ಬಿಡಬೇಕಂತ ಅವಗ ಗೊತ್ತೈತಿ;
ಆ ಗುಣಕ್ಕ ಆಟದೊಳಗ ಖಾನೆ ಇಲ್ಲ.

ಮೊನ್ನೆ ಎರಡನೇ ಪಾಳಿ ಏರಿ ಬಂತು, ಮೂರನೇದು ಇಳೀತು.
ಎಣಿಸಬೇಕಿತ್ತು. ಎಣಿಸಲಿಲ್ಲ, ಬಡ್ತಿ ಪಂದ್ಯ ತೆರದೆ.
ಎಂಬತ್ತೆಂಟನೇ ನಿಮಿಷ, ಒಂದು-ಸೊನ್ನೆ, ನಾವ ಮುಂದ,
ಖುಷಿಗೆ ತಲಿ ಎತ್ತಿದ್ರ ಎದುರಿಗೆ
ಇನ್ನೂರ ಹದಿನಾಲ್ಕು ನೇತಾಡಾಕತ್ತಿತ್ತು.
ಕಂಬದ ಗ್ಯಾಂಗಿನ ಯಂಕೋಬ.
ಆಟ ನಿಲ್ಲಿಸಿ ಕೆಳಗ ಫೋನ್ ಹಚ್ಚಿದೆ.
ಫೋರ್‌ಮನ್ ಖಾಜಾಪಾಷಾ ಅಂದ: ಇಲ್ಲಿ ಯಾರೂ ಇಲ್ಲ.
ಯಾರೂ ಇಲ್ಲ ಅನ್ನೂ ಮಾತಿಗೆ ಎಷ್ಟು ಅರ್ಥ ಅದಾವ,
ಆ ರಾತ್ರಿ ಎಲ್ಲಾ ಅರ್ಥ ಹೊಳದ್ವು.

ಗಾಡಿ ಹತ್ತಿ ಕ್ಯಾಂಪಿನ ಹಿಂದ ಅವನ ಮನಿಗೆ ಹೋದ್ರ
ಹಿತ್ತಲದೊಳಗ ಒಂದು ಚುಕ್ಕಿ.
ಹಣಿಗೆ ಕಂಪನಿ ದೀಪ ಕಟಿಗೊಂಡೇ ಕುಂತಾನ,
ಆಡು ಈಯಾಕತ್ತೈತಿ.
ಕರೆಂಟ್ ಹೋಗೇತ್ರಿ ಸಾಹೇಬ್ರ,
ಇದೊಂದು ಮರಿ ಬರ್ಲಿ, ಕೊಡ್ತೀನಿ.
ಬೈಯಾಕ ಬಾಯಿ ತೆರದಾವ
ಆಡಿನ ಕಾಲು ಹಿಡಕೊಂಡು ಕುಂತೆ.

ತಿರುಗಿ ಬಂದ್ರ ಲ್ಯಾಪ್‌ಟಾಪ್ ಸತ್ತಿತ್ತು. ಉಳಿಸಿರಲಿಲ್ಲ.
ಮತ್ತ ಮೊದಲಿಂದ ಆಡಿಸಿದೆ: ಮೂರು-ಸೊನ್ನೆ, ಅವರಿಗೆ.
ಮೂರೂ ನಮ್ಮ ಎಡಗಡಿಂದನ ಬಂದ್ವು.
ಚೀಟಿ ಬಂತು.
ಹಾರ್ಕರಗ ಇನ್ನೊಂದು ವರ್ಷದ ಕರಾರು ಬರದೆ.

ಆಮ್ಯಾಲ ರಿಜಿಸ್ಟರ್.
ಇನ್ನೂರ ಹದಿನಾಲ್ಕು, ದೀಪ ವಾಪಸ್, ಎರಡು ಗಂಟೆ ಹತ್ತು.
ತಡ ಆದ ಕಾರಣದ ಖಾನೆಯೊಳಗ
ಎರಡು ಮರಿ ಅಂತ ಬರದು, ಹೊಡದುಹಾಕಿ,
ಬ್ಯಾಟರಿ ಕೆಟ್ಟಿತ್ತು ಅಂತ ಬರದೆ.