ಕೆಂಪು ಎಳೆ

ಮಠಕ್ಕೆ ಬಟ್ಟೆ ನೇಯುವವಳು ನಾನು, ಮನಸರಾ ಘರ್ತಿ.
ನಾಲ್ಕು ಬೆರಳಗಲ, ಹದಿನೈದು ಮೊಳ ಉದ್ದ,
ಗಂಜಿ ಕಾಣದ ಹತ್ತಿ, ಗಂಟೊಂದೂ ಇರಕೂಡದು.
ಉಡುವುದಕ್ಕಲ್ಲ, ಹೊದೆಯುವುದಕ್ಕಲ್ಲ.
ನುಂಗುವುದಕ್ಕೆ.

ಮೊದಲ ಸಲ ಕೇಳಿ ನಕ್ಕಿದ್ದೆ.
ಅನ್ನವಿಲ್ಲದ ವರ್ಷ ನಮಗೂ ಕಲಿಸಲಿ ಎಂದು
ಅತ್ತೆಯೂ ನಕ್ಕಿದ್ದಳು.
ಬದಲಿಗೆ ಬಂದ ಮೆಕ್ಕೆಜೋಳ ಮಾತ್ರ ನಿಜದ್ದು,
ಪಾಥಿ ತುಂಬಿ ಮೇಲೊಂದು ಗೋಪುರ.

ನಮ್ಮದು ಸೊಂಟಕ್ಕೆ ಕಟ್ಟುವ ಮಗ್ಗ.
ಆ ತುದಿ ಉತಿಸ್ ಮರಕ್ಕೆ, ಈ ತುದಿ ನನ್ನ ಬೆನ್ನಿಗೆ.
ಹಿಂದೆ ವಾಲಿದರೆ ಹಾಸು ಬಿಗಿ, ಮುಂದೆ ಬಾಗಿದರೆ ಸಡಿಲ.
ಉಸಿರು ಜೋರಾಗಿ ಬಿಟ್ಟರೂ ಅಂಚು ಸೊಟ್ಟ.
ಇದಕ್ಕೆ ಯಾರೂ ಹೆಸರಿಟ್ಟಿಲ್ಲ.

ತುಲೆ ಮಠ ಸೇರಿದ್ದು ಹದಿನಾಲ್ಕಕ್ಕೆ.
ಭೇರಿ ನದಿಯ ದೋಣಿಯವನ ಮಗ, ಈಜು ಬಾರದವ.
ಮೊದಲ ದಿನ ಒಂದು ಮೊಳ, ಬಿಸಿನೀರಲ್ಲಿ ನೆನೆಸಿದ್ದು. ವಾಂತಿ.
ಮರುದಿನ ಅರ್ಧ ಮೊಳ, ಹೆದರಿ.
ತೊಳೆಯಲು ಬರುತ್ತಿದ್ದುದು ನನ್ನ ಮನೆ ಕೆಳಗಿನ ಒರತೆಗೆ.
ಮಾಘದಲ್ಲಿ ಹಳದಿ ಲೋಳೆ, ಒಮ್ಮೆ ಎಳೆಯಷ್ಟು ರಕ್ತ.
ಚೈತ್ರಕ್ಕೆ ಬರೀ ನೀರು.

ಹೇಳುತ್ತಿದ್ದ, ಬಟ್ಟೆ ಹಿಂಡುತ್ತ:
ಮೂಗಿಗೆ ದಾರ ಹಾಕಿ ಬಾಯಲ್ಲಿ ತೆಗೆದೆ ದಿದಿ
(ಆ ದಾರವೂ ನನ್ನದೇ, ಮೇಣ ಹಚ್ಚಿದ್ದು).
ಹೊಟ್ಟೆಯನ್ನು ಕಡೆಗೋಲಿಲ್ಲದೆ ಕಡೆಯಬೇಕು.
ಕಣ್ಣೀರು ಇಳಿಯುವ ತನಕ ದೀಪ ನೋಡಬೇಕು, ರೆಪ್ಪೆ ಬಡಿಯದೆ.
ದೀಪ ಯಾಕೋ, ಹಸಿ ಕಟ್ಟಿಗೆಯ ಒಲೆ ಸಾಲದೆ, ಎಂದೆ.

ಮೈ ಹಸಿ ಮಡಕೆಯಂತೆ, ನೀರಲ್ಲಿಟ್ಟರೆ ಕರಗುವುದಂತೆ,
ಬೇಯಿಸಬೇಕಂತೆ.
ನಾಲ್ಕು ಮೆಟ್ಟಿಲು: ಆರಂಭ, ಘಟ, ಪರಿಚಯ,
ಇನ್ನೊಂದರ ಹೆಸರು ಅವನಿಗೆ ಮರೆತಿತ್ತು.
ಒಳಗೆ ಮೊದಲು ಒಡವೆಯ ಕಿಣಿಕಿಣಿ ಕೇಳುತ್ತದೆ,
ಆಮೇಲೆ ಭೇರಿ. ನದಿಯಲ್ಲ ದಿದಿ, ವಾದ್ಯ.
ಆಮೇಲೆ ಮದ್ದಳೆ, ಕೊನೆಗೆ ಕೊಳಲೋ ವೀಣೆಯೋ.
ನಿನಗೇನು ಕೇಳಿತು?
ಹೊಟ್ಟೆ ಗುರುಗುಟ್ಟುವುದು.

ಆ ಫಾಲ್ಗುಣದಲ್ಲಿ ಯಾರೋ ಅಣಕಿಸಿದರೆಂದು
ಹದಿನೈದೂ ಮೊಳ ನುಂಗಿಬಿಟ್ಟ, ತುದಿ ಸಮೇತ.
ಮುದುಕ ಹೀರಾನಾಥ ಗಂಟಲಿಗೆ ಎರಡು ಬೆರಳಿಟ್ಟು
ಕೆರೆಯಿಂದ ಹಗ್ಗ ಎಳೆದಂತೆ ಎಳೆದ.
ಹಠವೆಂದರೆ ಇದಲ್ಲವೋ ಮೂಳ, ಎಂದು
ಅಪ್ಪಿಕೊಂಡು ಬೈದನಂತೆ.

ಅಂದಿನಿಂದ ನಾನು, ತುದಿಗೊಂದು ಗೇಣು ಉಳಿದಿರುವಾಗ,
ಮಂಜಿಷ್ಠೆಯಲ್ಲಿ ಅದ್ದಿದ ಹೊಕ್ಕೊಂದು ಹಾಯಿಸುತ್ತೇನೆ.
ಇಲ್ಲಿಗೆ ನಿಲ್ಲು. ಇದು ಹಲ್ಲಿನ ಪಾಲು,
ಒಳಗಿನದಲ್ಲ.
ಯಾರೂ ಹೇಳಿರಲಿಲ್ಲ. ಯಾಕೆಂದು ಕೇಳಲೂ ಇಲ್ಲ.

ಕಿವಿ ಸೀಳಿದ ವರ್ಷ ನಲವತ್ತು ದಿನ ಒರತೆಗೆ ಬರಲಿಲ್ಲ.
ಬಂದಾಗ ಗಾಯದಲ್ಲಿ ಬೇವಿನ ಕಡ್ಡಿ,
ಹೆಸರು ತುಲಸೀನಾಥ.
ದಿದಿ ಎನ್ನಲಿಲ್ಲ, ಮಾಯಿ ಎಂದ.
ಮುಂದೆ ಅದೂ ಇಲ್ಲ. ನಾಲಿಗೆಯಡಿಯ ನರ
ವಾರಕ್ಕೊಮ್ಮೆ ಕೂದಲಷ್ಟು ಕೊಯ್ಯುತ್ತಿದ್ದರಂತೆ,
ಅದು ಹಿಂದಕ್ಕೆ ಮಡಚಿ ಮೇಲಿನ ಬಾಗಿಲು ಮುಟ್ಟಲೆಂದು.
ಒರತೆಯ ಸದ್ದಿನಲ್ಲಿ ಇಬ್ಬರೂ ಕೂರುತ್ತಿದ್ದೆವು,
ಅವನು ತೊಳೆಯುತ್ತ, ನಾನು ನೂಲು ಸುತ್ತುತ್ತ.
ಆ ಬಟ್ಟೆ ಆಗ ತೊಳೆಯುವ ಮೊದಲೇ ಬೆಳ್ಳಗಿರುತ್ತಿತ್ತು.

ಜಮಾತು ಹೊರಟ ಬೆಳಗ್ಗೆ ನನಗೆ ಗೊತ್ತಾಗಲಿಲ್ಲ.
ಕಲ್ಲ ಮೇಲೆ ಮಡಿಸಿಟ್ಟಿದ್ದ, ಒಣಗಿತ್ತು.
ಬಿಚ್ಚಿ ಮೊಳ ಹಾಕಿದೆ. ಹದಿನೈದು.
ಕೆಂಪು ಎಳೆ ದಾಟಿ, ಆ ಗೇಣಗಲದಲ್ಲಿ,
ಸಣ್ಣ ಸಣ್ಣ ತೂತು, ಸಾಲಾಗಿ.
ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕಚ್ಚಿದ್ದು.

ನಿನ್ನೆ ಹೊಸ ಹುಡುಗ ಬಂದಿದ್ದಾನೆ, ಮೂಗು ಸೋರುವವ.
ಬೆನ್ನಿಗೆ ಪಟ್ಟಿ ಬಿಗಿದು ಹಿಂದಕ್ಕೆ ವಾಲಿದೆ.
ಹಲಗೆ ಬಡಿದಾಗ ಅದರ ಕೊರಳಿಗೆ ಕಟ್ಟಿದ ಗೆಜ್ಜೆ
ಕಿಣಿ ಎಂದಿತು.