ಹದಿನೇಳು ಗಳ

ಮರವೇ ಹುಟ್ಟದ ನೆಲ ಇದು.
ಬಿದಿರು ಹಡಗಿನಲ್ಲಿ ಬರುತ್ತದೆ, ಕಟ್ಟುಕಟ್ಟಾಗಿ.
ಹಿಮ ಬೀಳುವ ಮೊದಲು ರಸ್ತೆಯಂಚಿಗೆ ನೆಡುವುದು ನನ್ನ ಕೆಲಸ.
ನೆಲ ಕಲ್ಲಾದ ಮೇಲೆ ಯಾವ ಗಳವೂ ಇಳಿಯದು.

ಬೆರ್ಲೆವೊಗ್ ದಾರಿಯ ತಡೆಗಂಬಕ್ಕೊಂದು ಚೌಕಿ,
ಚೌಕಿಯಲ್ಲಿ ರಗ್ನಫ್ರಿದ್.
ಗಾಳಿ ಎದ್ದರೆ ತಡೆ ಇಳಿಸುತ್ತಾಳೆ.
ಹೈಕ್ಕಾ ತನ್ನ ಹಿಮ ತಳ್ಳುವ ಬಂಡಿ ತರುವ ತನಕ
ಕಾರುಗಳು ಬಾಲ ಮುದುರಿ ಕಾಯಬೇಕು.
ಅವಳ ಕಿಟಕಿಗೆ ಕಾಣುವುದು ಹದಿನೇಳು ಗಳ,
ಹದಿನೆಂಟನೆಯದು ತಿರುವಿನಾಚೆ.

೧೧೧೧೧೧೧೧೧೧೧೧೧೧೧೧೧

ಡೀಸೆಲ್ ಚೀಟಿಯ ಬೆನ್ನಿಗೆ ಬರೆದು ‘ಏನಿದು?’ ಅಂದಳು.
‘ನನ್ನ ಗಳ’ ಅಂದೆ.
‘ಸಂಖ್ಯೆ’ ಅಂದಳು. ‘ಇದು ಒಡೆಯುತ್ತದೋ, ಇಲ್ಲವೋ?’

ಮೂರರಲ್ಲಿ ಹೋಗದು, ಎರಡು ಉಳಿಯುತ್ತದೆ.
ಏಳರಲ್ಲೂ ಎರಡೇ.
ಹನ್ನೊಂದಕ್ಕೆ ಕೂಡಿ ಕಳೆದು ಕೂಡಿ ಕಳೆದು
ಕೊನೆಗೊಂದು ಒಂಟಿ ಒಂದು.
ಮೊದಲ ಚಳಿಗಾಲ ಹೀಗೇ ದಂಡವಾಯಿತು.

ಎರಡನೆಯದರಲ್ಲಿ ಗುಟ್ಟು ಸಿಕ್ಕಿತು:
ಮೂವತ್ತನಾಲ್ಕರಿಂದ ಭಾಗಿಸಿದರೆ
ಒಂದನ್ನೇ ಉಳಿಸುವ ಅವಿಭಾಜ್ಯಗಳಿಗೆ ಮಾತ್ರ
ಈ ಸಾಲನ್ನು ಮುಟ್ಟುವ ಹಕ್ಕು.
ನೂರಮೂರು, ನೂರಮೂವತ್ತೇಳು, ಇನ್ನೂರಮೂವತ್ತೊಂಬತ್ತು...
ಒಬ್ಬೊಬ್ಬರನ್ನೇ ಬಾಗಿಲಿಗೆ ಕರೆದು
ಒಬ್ಬೊಬ್ಬರನ್ನೇ ಹಿಂದೆ ಕಳಿಸಿದಳು.
ಸೂರ್ಯ ಏಳದ ಎರಡು ತಿಂಗಳು,
ಸೀಮೆಎಣ್ಣೆಯ ಒಲೆ, ಕಾಫಿ ಕಲೆಯ ಹಾಳೆ,
ಬೆರಳುತುದಿಯಿಲ್ಲದ ಕೈಚೀಲ.
ಒಂಬತ್ತು ಸಾವಿರ ದಾಟಿದವು, ಬಂದು ಹೋದವು.

ಆರನೆಯ ಚಳಿಗಾಲದ ಒಂದು ಮಂಗಳವಾರ
ಮೀನಿನ ಲಾರಿಯವ ಹಾರ್ನ್ ಒತ್ತುತ್ತಲೇ ಇದ್ದ.
ತಡೆ ಏಳಲಿಲ್ಲ.
ಹೈಕ್ಕಾ ಬೈಯುತ್ತ ಬಾಗಿಲು ತಳ್ಳಿದರೆ
ಅವಳು ಮೂರನೇ ಸಲ ಗುಣಿಸಿ ನೋಡುತ್ತಿದ್ದಳು:

೨೦೭೧೭೨೩ × ೫೩೬೩೨೨೨೩೫೭

ಗುಣಿಸಿದ ಸಾಲುಗಳು ಒಂದರ ಮೇಲೊಂದು ಅಡ್ಡಾದಿಡ್ಡಿ,
ಏಳು, ಮೂರು, ಸೊನ್ನೆ, ಎಂಟು, ಏನೇನೋ.
ಕೆಳಗೆ ಗೆರೆ ಎಳೆದು ಕೂಡಿದಾಗ
ಬರೀ ಒಂದು, ಒಂದು, ಒಂದು.
ಬಿರುಗಾಳಿ ನಿಂತ ಬೆಳಗ್ಗೆ
ನನ್ನ ಗಳಗಳು ಎದ್ದು ನಿಂತ ಹಾಗೆ.

‘ಸಂತೋಷವಾಯಿತಾ?’ ಕೇಳಿದೆ ಸಂಜೆ.
ಕಿಟಕಿಯತ್ತ ನೋಡಿದಳು.
‘ಇಷ್ಟು ವರ್ಷ ರಾತ್ರಿ ಮಲಗುವಾಗ
ಏನಾದರೊಂದು ಶೇಷ ಇರುತ್ತಿತ್ತು’ ಅಂದಳು.

ವಸಂತಕ್ಕೆ ಟ್ರೊಮ್ಸೊದ ಮೇಷ್ಟ್ರೊಬ್ಬರ ಕಾಗದ ಬಂತು.
ಹದಿನೇಳರದ್ದು ಸರಿ, ಹಳೆಯ ಸುದ್ದಿಯೇ.
ಹತ್ತೊಂಬತ್ತು ಒಂದುಗಳ ಗೊಡವೆಗೆ ಮಾತ್ರ ಹೋಗಬೇಡಿ,
ಅದನ್ನು ಒಡೆಯುವಂಥದ್ದು ಯಾವುದೂ ಇಲ್ಲ.
ಓದಿ, ಮಡಚಿ, ಸಕ್ಕರೆ ಡಬ್ಬಿಯ ಕೆಳಗಿಟ್ಟಳು.

ಆ ಶರತ್ಕಾಲ ತಿರುವಿನ ಈಚೆ
ಎರಡು ಗಳ ಹೆಚ್ಚಿಗೆ ನೆಟ್ಟೆ.
ಅಳತೆ ಪಟ್ಟಿ ಹಿಡಿದು ಮೇಸ್ತ್ರಿ ಕೇಳಿದ, ಏಕಿಷ್ಟು ಒತ್ತೊತ್ತಾಗಿ?
ಇಲ್ಲಿ ಗಾಳಿ ಜಾಸ್ತಿ, ಅಂದೆ.