ನಡುವೆ ಕೂತ ಯಕಾರ

ಮಂಡಕ್ಕಿ ಭಟ್ಟಿಗಳ ಹೊಗೆ
ಹಾಜರಿ ಕೂಗುವ ಹೊತ್ತಿಗೆ ಸರಿಯಾಗಿ ಬಂದು
ಹಿಂದಿನ ಸಾಲಲ್ಲಿ ಕೂರುತ್ತದೆ.
ಕಿಟಕಿ ಮುಚ್ಚಿದರೆ ಹಲಗೆ ಕಾಣದು,
ತೆರೆದರೆ ಸೀಮೆಸುಣ್ಣವೂ ಕಪ್ಪು.
ದಾವಣಗೆರೆಯಲ್ಲಿ ನನಗೆ ಇದು ಹನ್ನೊಂದನೇ ವರ್ಷ.

ಇವತ್ತು ನಾಲ್ಕನೇ ತರಗತಿಗೆ ಪದ ಬಿಡಿಸುವ ಪಾಠ.
ಮನೆ, ಎಂದು ಬರೆದೆ. ಒಂದು ಗೇಣು ಬಿಟ್ಟು, ಅಲ್ಲಿ.
ಸೇರಿಸಿ ಅಂದೆ.
ಇಪ್ಪತ್ತಾರು ಬಾಯಿ ಒಮ್ಮೆಗೇ: ಮನೆಯಲ್ಲಿ!
ಅಷ್ಟೇ, ಪಾಠ ಮುಗಿಯಿತು ಅನ್ನುವಷ್ಟರಲ್ಲಿ
ಸಬೀಹಾಳ ಬೆರಳು ಮೇಲೆ.

"ಮಿಸ್, ಮನೆಯಾಗ ಯ ಇಲ್ಲ, ಅಲ್ಲಿಯಾಗೂ ಇಲ್ಲ.
ಮತ್ತೆ ಇದು ಎಲ್ಲಿಂದ ಬಂತ್ರಿ?"

ಕೇಳುವ ಮಾತಿನಲ್ಲೇ ಅದು ಎರಡು ಸಲ
ಬಂದು ಕೂತು ಎದ್ದುಹೋದದ್ದು ಅವಳಿಗೆ ತಿಳಿಯಲಿಲ್ಲ.
ಅವಳ ಮನೆಮಾತು ಉರ್ದು.
ಕನ್ನಡವನ್ನು ಬೀದಿಯಲ್ಲಿ ಚೂರು ಚೂರೇ ಆರಿಸಿಕೊಂಡವಳು,
ಅದಕ್ಕೇ ಹೊಲಿಗೆ ಕಾಣುತ್ತದೋ ಏನೋ;
ಹುಟ್ಟಾ ತೊಟ್ಟುಕೊಂಡ ನಮಗೆ
ಬರೀ ಅಂಗಿ.

ನೀವೇ ಹೇಳಿ, ಅಂದೆ.
"ಗೋಂದು ಮಿಸ್."
"ದಾರಿಯಾಗ ಕೈ ಮಾಡೈತ್ರಿ, ಹತ್ತಿಸಿಕೊಂಡಾರ"
ಇವನ ಅಪ್ಪ ಓಡಿಸುವುದು ಶೇರ್ ಆಟೋ.
ಕೊನೆಗೆ ಸಬೀಹಾ ತಾನೇ:
"ಟಿವಿಎಸ್ ಮ್ಯಾಲೆ ಅಬ್ಬಾ ಮುಂದ, ಅಮ್ಮಿ ಹಿಂದ,
ತಮ್ಮ ಬೀಳಬಾರದು ಅಂತ ನಡುವೆ.
ಹಂಗ ಏನ್ರಿ?"

ಹಂಗೇ. ಹೆಸರು ಆಗಮ, ಅಂದೆ.
ಬರೆದುಕೊಂಡರು.

ಊರು, ಅಲ್ಲಿ: ಊರಲ್ಲಿ.
ಉ ಎಲ್ಲಿ ಹೋಯಿತು?
"ಅರಳಿಮರ ಸರ್ಕಲ್ಲಿನಾಗ ಇಳೀತ್ರಿ!"
ನಕ್ಕು ನಕ್ಕು ಒಬ್ಬಳಿಗೆ ಬಿಕ್ಕಳಿಕೆ.
ಇಳಿದದ್ದಕ್ಕೂ ಒಂದು ಹೆಸರು, ಲೋಪ.
ಅದನ್ನೂ ಬರೆದುಕೊಂಡರು,
ಹಾಲೇಶನೊಬ್ಬ ಪೆನ್ಸಿಲ್ ಕಚ್ಚುತ್ತಿದ್ದ.

ಹಾಜರಿ ಪುಸ್ತಕದಲ್ಲಿ ಜೂನ್ ತಿಂಗಳಿಂದ
ಅವನ ಅಪ್ಪನ ಹೆಸರಿಗೆ ಮುಂದೊಂದು ಅಕ್ಷರ ಸೇರಿದೆ:
ದಿ., ಪಕ್ಕದಲ್ಲಿ ಚುಕ್ಕಿ.
ಸೇರಿಸಿದ್ದು ನಾನೇ, ನೀಲಿ ಶಾಯಿಯಲ್ಲಿ.
ಹೆಸರಿನ ಒಂದಕ್ಷರವೂ ಬದಲಾಗಲಿಲ್ಲ.

ನಿಮ್ಮವೇ ಪದ ತಂದು ಸೇರಿಸಿ, ಅಂದಿದ್ದೆ.
ಭಟ್ಟಿಯಲ್ಲಿ ಬಂತು, ಮರಳನ್ನು ಬಂತು,
ಒಬ್ಬ ಮಂಡಕ್ಕಿಯನ್ನು ಉಬ್ಬಿಸಿ ಉಬ್ಬಿಸಿ
ಮಂಡಕ್ಕಿಗಳಿಂದಲೇನೋ ಎಂದು ಸಾಲು ತುಂಬಿಸಿದ್ದ.
ಹಾಲೇಶನದು ಹೀಗೆ:
ಅಪ್ಪಾ        ಇಲ್ಲಿ ಬಾ.

ಸೇರಿಸಲಿಲ್ಲವೇನೋ?
"ಸೇರಂಗಿಲ್ಲ ಮಿಸ್. ಕೂಗಿ ನೋಡ್ರಿ."

ತುಟಿಯಲ್ಲೇ ಕೂಗಿ ನೋಡಿದೆ.
ಆ ಎಳೆಯಿತು, ಎಳೆಯಿತು,
ಉಸಿರು ತೀರಿತು,
ಇ ಬಹು ದೂರದಲ್ಲಿ ಒಂದೇ ನಿಂತಿತ್ತು.
ದೂರದವರನ್ನು ಕರೆವಾಗ ಸಂಧಿಯಾಗದು:
ನಾನು ಉರು ಹೊಡೆದು ಪಾಸಾದ ಸೂತ್ರ.

ಕೆಂಪು ಪೆನ್ನಿನಲ್ಲಿ ಸರಿ ಹಾಕಿದೆ,
ಅಂಚಿನಲ್ಲಿ,
ಆ ಖಾಲಿ ಜಾಗಕ್ಕೆ ತಾಗದ ಹಾಗೆ.